ಕಡಲಿನ ಗ್ಯಾಸೂ ಗುಬ್ಬಿಯ ಬೋರೂ

ಒಂದೇ ಇರಬಹುದೆ? ಅಥವಾ ಎರಡೋ? ಎರಡು ಬಾವಿಯಲ್ಲೂ ಗ್ಯಾಸ್ ಸಿಕ್ಕಿದೆ, ನಿಜ. ಆದರೆ ಒತ್ತಡ ಒಂದೇ ಸಮ ಇಲ್ಲ. ನಡುವೆ ಬಂಡೆ ಅಡ್ಡ ಇದ್ದರೆ? ಅಳತೆಯೇ ತಪ್ಪಿದ್ದರೆ?

ರಜೆಗೆಂದು ತನ್ನೂರು ಗುಬ್ಬಿಗೆ ಬಂದ ರಘುನಂದನ ಬೆಳಗಿನಿಂದ ಲ್ಯಾಪ್‌ಟಾಪಿನ ಮುಂದೆ ಹೀಗೇ ಕೂತಿದ್ದ. ಸಮುದ್ರದ ತಳದಲ್ಲಿ ಗ್ಯಾಸ್ ಹುಡುಕುವ ಕಂಪನಿಯಲ್ಲಿ ಅವನು ಇಂಜಿನಿಯರು. ಕೆಳಗಿರುವುದು ಒಂದೇ ದೊಡ್ಡ ನಿಕ್ಷೇಪವಾದರೆ ಕಡಲ ನಡುವೆ ವೇದಿಕೆ ಕಟ್ಟಿ ದಡಕ್ಕೆ ಎಂಬತ್ತು ಕಿಲೋಮೀಟರ್ ಪೈಪು ಎಳೆಯಬಹುದು. ಎರಡು ಚಿಕ್ಕವಾದರೆ ಪೈಪಿನ ಖರ್ಚೂ ಹುಟ್ಟುವುದಿಲ್ಲ. ನಾಲ್ಕು ತಿಂಗಳಿನಿಂದ ಅವನು 'ಇನ್ನಷ್ಟು ಅಧ್ಯಯನ ಬೇಕು' ಎಂದು ಬರೆದು ನುಣುಚಿಕೊಂಡಿದ್ದ. ಬಾಸ್ ವಿಜಯೀಂದ್ರ ಈ ಸಲ ಬಿಡಲಿಲ್ಲ.

"ಸಂಜೆ ಐದಕ್ಕೆ ಒಂದೇ ಪದ ಕಳಿಸಿ. ಒಂದು ಅಥವಾ ಎರಡು. ಇಲ್ಲಾಂದ್ರೆ ನಿಮ್ಮ ಕುರ್ಚಿಗೆ ಬೇರೆಯವ್ರನ್ನ ಹುಡುಕ್ತೀನಿ."

ಅಷ್ಟರಲ್ಲಿ ಎದುರುಸಾಲಿನ ಅಕ್ಕಪಕ್ಕದ ಮನೆಯವರಾದ ಅಶ್ವಥ್ ಮತ್ತು ಚಿಕ್ಕರಂಗಯ್ಯ ಜಗಳವಾಡುತ್ತಲೇ ಒಳಗೆ ನುಗ್ಗಿದರು.

"ರಘಣ್ಣ, ನೀನೇ ನ್ಯಾಯ ಹೇಳು," ಎಂದ ಅಶ್ವಥ್. "ಇವ್ರು ಬೋರ್‌ವೆಲ್ ಮೋಟ್ರು ಹಾಕಿದ್ರೆ ಸಾಕು, ನಮ್ ಬೋರು ಬರೀ ಗಾಳಿ ಕಕ್ತದೆ. ನಮ್ ನೀರ್ನೇ ಎಳೀತಾವ್ರೆ!"

"ಏನ್ಲಾ, ಭೂಮಿ ಒಳ್ಗೆ ನಿನ್ ಹೆಸ್ರು ಬರ್ದೈತಾ?" ಚಿಕ್ಕರಂಗಯ್ಯ ಗುಡುಗಿದರು. "ನನ್ ನೀರೇ ಬೇರೆ, ನಿಂದೇ ಬೇರೆ. ರಘು, ಸಮುದ್ರದ ತಳಾನೇ ಕಂಡೋನಿಗೆ ಗುಬ್ಬಿ ತಳ ಕಾಣಕಿಲ್ವೇನಪ್ಪ?"

ಎರಡರ ತಳ ಒಂದೇನಾ ಎಂದು ತಿಳಿಯಲು ದಾರಿ ಒಂದೇ: ಒಂದು ಬಾವಿ ಹರಿಸಿ ಇನ್ನೊಂದರಲ್ಲಿ ಇಳಿಯುತ್ತದೆಯೇ ಎಂದು ನೋಡುವುದು. ಕಡಲಿನಲ್ಲಿ ಅದಕ್ಕೆ ಹಡಗು ಬೇಕು, ತಿಂಗಳುಗಟ್ಟಲೆ ಕಾಯಬೇಕು. ಇಲ್ಲಿ ಒಂದು ಹಗ್ಗ ಸಾಕು. ಗುಬ್ಬಿಯ ಬಂಡೆಗೂ ಕಡಲ ಬಂಡೆಗೂ ಸಂಬಂಧವಿಲ್ಲವೆಂದು ರಘುನಂದನನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಗುಬ್ಬಿ ಏನು ಹೇಳುತ್ತದೋ ಅದನ್ನೇ ಬರೆದುಬಿಡೋಣ ಎಂದುಕೊಂಡ. ಆ ಮಟ್ಟಕ್ಕೆ ಬಂದಿತ್ತು ಅವನ ಮನಸ್ಸು.

ಅಶ್ವಥನ ಬೋರಿಗೆ ನಟ್ಟು ಕಟ್ಟಿದ ಹಗ್ಗ ಇಳಿಯಿತು. ನಟ್ಟು ನೀರಿಗೆ ತಾಕಿದಾಗ ಹಗ್ಗದ ಮೇಲೆ ಸೀಮೆಸುಣ್ಣದ ಗುರುತು ಬಿತ್ತು. ಚಿಕ್ಕರಂಗಯ್ಯ ಒಳಗೆ ಹೋಗಿ ಮೋಟರು ಹಾಕಿದರು. ಬೀದಿಯವರೆಲ್ಲ ಕುರ್ಚಿ ತಂದು ಕೂತರು. ಒಂದು ಗಂಟೆಯಲ್ಲಿ ಚಿಕ್ಕರಂಗಯ್ಯನವರ ತಾರಸಿಯ ಟ್ಯಾಂಕು ಮದುವೆಮನೆಯ ಸಾರಿನಂತೆ ಉಕ್ಕಿ ಹರಿಯಿತು. ಹಗ್ಗ ಮತ್ತೆ ಇಳಿಯಿತು. ಅಶ್ವಥನ ನೀರು ಒಂದು ಬೆರಳೂ ತಗ್ಗಿರಲಿಲ್ಲ.

"ನೋಡ್ದೇನ್ಲಾ!" ಚಿಕ್ಕರಂಗಯ್ಯ ತೊಡೆ ತಟ್ಟಿದರು. ಅಶ್ವಥ್ ಹಗ್ಗ ಸುತ್ತಿಕೊಂಡು ತಲೆ ತಗ್ಗಿಸಿದ.

ಐದಕ್ಕೆ ಐದು ನಿಮಿಷವಿರುವಾಗ ರಘುನಂದನ 'ಎರಡು' ಎಂದು ಬರೆದು ಕಳಿಸಿದ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

ಚಿಕ್ಕರಂಗಯ್ಯನವರ ಹೆಂಡತಿ ನೇತ್ರಾವತಿ ಒಂದು ತಟ್ಟೆ ಚಕ್ಕುಲಿ ತಂದರು. "ತಗೊಳಪ್ಪ, ನಮ್ ಯಜಮಾನ್ರ ಮಾನ ಉಳಿಸ್ದೆ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡ. ಸಿಕ್ಕಾಕ್ಕೊತೀನಿ ಅಂತ ಹೆದ್ರಿ ಅವ್ರು ಬೋರು ಮೋಟ್ರು ಹಾಕ್ಲೇ ಇಲ್ಲ ಕಣಪ್ಪ. ಸಂಪಲ್ಲಿ ಬೆಳಗ್ಗೆ ತುಂಬ್ಸಿದ್ ನೀರ್ನೇ ಸಂಪಿನ ಮೋಟ್ರಲ್ಲಿ ಮೇಲಕ್ಕೆ ಹತ್ಸುದ್ರು."

ರಘುನಂದನ ಕಚ್ಚಿದ ಚಕ್ಕುಲಿಯನ್ನು ಮತ್ತೆ ತಟ್ಟೆಗೆ ಇಟ್ಟ. ಫೋನು ಬಡಿದುಕೊಂಡಿತು.

"ಭೇಷ್ ರೀ!" ವಿಜಯೀಂದ್ರರ ದನಿ. "ಉಳಿದೋರೆಲ್ಲ 'ಬಹುಶಃ' ಅಂತಾನೇ ಬರ್ದಿದ್ರು. ಡೈರೆಕ್ಟರಿಗೆ ನಿಮ್ಮ ಧೈರ್ಯ ಹಿಡಿಸ್ತು. ಎರಡೂ ಬಾವಿ ಮಧ್ಯೆ ಮೂರನೇದು ಕೊರೆದು ನಿಮ್ಮ ಮಾತನ್ನ ಪರೀಕ್ಷೆ ಮಾಡ್ತಾರಂತೆ. ಉಸ್ತುವಾರಿ ನಿಮ್ದೇ. ರಜೆ ಕ್ಯಾನ್ಸಲ್, ನಾಳೇನೇ ಹಡಗು ಹತ್ತಿ. ಅಲ್ಲಾ, ಇಷ್ಟು ಖಂಡಿತವಾಗಿ ಹೇಳಿದೀರಲ್ಲ, ಆಧಾರ ಏನ್ರೀ?"

"ಫೀಲ್ಡ್ ಟೆಸ್ಟ್ ಸಾರ್," ಎಂದ ರಘುನಂದನ.