ಲೋಟದ ಕೆಳಗಿನ ಪುಟ

ಜನರೇ ಸರಿಯಿಲ್ಲ ಎಂಬುದು ಯಜಮಾನರ ಖಚಿತ ಅಭಿಪ್ರಾಯ. ಕಚೇರಿಯ ಕಡತ, ವರದಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿಡುವ ಮಹಾವ್ಯವಸ್ಥೆಯೊಂದನ್ನು ಅವರು ಕಟ್ಟಿಕೊಟ್ಟಿದ್ದರು. ಸಿಬ್ಬಂದಿ ಅದರ ಕಡೆ ತಲೆ ಹಾಕದೆ, ಮೇಜಿಗೆ ಚೀಟಿ ಅಂಟಿಸಿಕೊಂಡೇ ಕೆಲಸ ಸಾಗಿಸುತ್ತಿದ್ದರು. ಆ ಸಿಟ್ಟು ಎಲ್ಲಾದರೂ ತೀರಬೇಕಲ್ಲ? ರಜೆ ಹಾಕಿ ಮನೆಯಲ್ಲಿದ್ದ ದಿನ, ಶ್ರೀಮತಿಯವರು ಸ್ನಾನಕ್ಕೆ ಹೋದಾಗ ಊಟದ ಮೇಜು ಕಣ್ಣಿಗೆ ಬಿತ್ತು.

ಶ್ರೀಮತಿಯವರದು ಪುಸ್ತಕ ತಿದ್ದುವ ಕೆಲಸ. ವಿಜ್ಞಾನದ ದಪ್ಪ ಪುಸ್ತಕವೊಂದು ಸಂಜೆಯೊಳಗೆ ಅಚ್ಚಿಗೆ ಹೋಗಬೇಕಿತ್ತು. ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಪ್ರಕಾಶಕರು ಹೇಳಿಯಾಗಿತ್ತು. ಅದರ ಪುಟಗಳು ಮೇಜಿನ ಮೇಲೆ, ನೆಲದ ಮೇಲೆ, ಲೋಟದ ಕೆಳಗೆ, ಕೆಲವು ಮಗುಚಿ ಬಿದ್ದು ಮನೆಯನ್ನೇ ಆಳುತ್ತಿದ್ದವು. ಯಜಮಾನರು ತೋಳೇರಿಸಿದರು. ಸ್ನಾನ ಮುಗಿಯುವಷ್ಟರಲ್ಲಿ ಎಲ್ಲವೂ ಕ್ರಮಸಂಖ್ಯೆಯಂತೆ ಫೈಲು ಸೇರಿದ್ದವು.

"ಹೇಗಿದೆ?" ಎಂದರು, ಮೆಚ್ಚುಗೆಗೆ ಕಾಯುತ್ತಾ.

ಶ್ರೀಮತಿಯವರು ಒದ್ದೆ ಕೂದಲಲ್ಲೇ ನಿಂತುಬಿಟ್ಟರು. "ಲೇಖಕರನ್ನ ಕೇಳ್ಬೇಕಾದ ಪುಟ ಎಲ್ರೀ?"

"ಸಂಖ್ಯೆ ಹೇಳು, ತಕ್ಷಣ ಸಿಗುತ್ತೆ."

"ಸಂಖ್ಯೆ ಯಾರಿಗೆ ಗೊತ್ತು? ಲೋಟದ ಕೆಳಗಿತ್ತು."

ಬೈಗುಳ ಬರಲಿಲ್ಲ. (ಬಂದಿದ್ದರೆ ವಾಸಿಯಿತ್ತು.) ಆಕೆ ನೆಲದ ಮೇಲೆ ಕೂತು ಕಣ್ಣು ಮುಚ್ಚಿದರು. "ಜ್ವಾಲಾಮುಖಿ ಚಿತ್ರ ಇರೋದು ಮೇಜಿನ ಮೂಲೆಗೆ, ಅದರ ಲೆಕ್ಕ ತಪ್ಪಿದೆ. ಹಕ್ಕಿಗಳದ್ದು ಮಗುಚಿ ಹಾಕಿ, ಅದು ಮುಗೀತು. ಉಪ್ಪುನೀರಿನದ್ದು ಕನ್ನಡಕದ ಡಬ್ಬಿ ಕೆಳಗೆ, ಇನ್ನೊಂದ್ಸಲ ಓದ್ಬೇಕು. ಹಾಂ, ಧೂಮಕೇತು ಇರೋದು ಲೋಟದ ಕೆಳಗೆ, ಅದೇ ಲೇಖಕರನ್ನ ಕೇಳ್ಬೇಕಾದದ್ದು."

ಯಜಮಾನರು ಹೇಳಿದಲ್ಲಿ ಹೇಳಿದ್ದನ್ನು ಇಡುತ್ತಾ ಹೋದರು. ಅಷ್ಟು ದಪ್ಪ ಪುಸ್ತಕ, ಅದರ ಒಂದೊಂದು ಅನುಮಾನಕ್ಕೂ ಕೋಣೆಯಲ್ಲಿ ಒಂದೊಂದು ಜಾಗ. ಕಸವೆಂದು ತಾವು ಬಾಚಿದ್ದು ಹೆಂಡತಿಯ ಯೋಚನೆಯನ್ನೇ ಎಂದು ತಿಳಿದಾಗ ಮೈ ಜುಮ್ಮೆಂದಿತು. ಇಷ್ಟು ವರ್ಷ ಊಟ ಮಾಡಿದ ಮೇಜಿನ ಮುಂದೆ ಮೊದಲ ಸಲ ಕೈಕಟ್ಟಿ ನಿಂತರು. ಕಚೇರಿಯ ಚೀಟಿಗಳೂ ನೆನಪಾದವು. ಅವು ಏಕೆ ಅಲ್ಲಿವೆ ಎಂದು ತಾವು ಒಬ್ಬರನ್ನೂ ಕೇಳಿರಲಿಲ್ಲ.

"ನೀನು ಕೆಲಸ ಮಾಡೋದನ್ನ ಕೂತು ನೋಡ್ತೀನಿ ಕಣೆ, ಕಲಿಯೋದು ಬಹಳ ಇದೆ" ಎಂದು ಕುರ್ಚಿ ಎಳೆದರು.

"ಆ ಕುರ್ಚಿ ಬೇಡ. ಅದು ಖಾಲಿ ಇದ್ರೆ ಚಿತ್ರಗಳೆಲ್ಲ ಬಂದಿವೆ ಅಂತ ಲೆಕ್ಕ."

"ಹಾಗಾದ್ರೆ ನಾನೆಲ್ಲಿರಲಿ?"

"ಕಿಟಕಿಗೆ ಅಡ್ಡ ನಿಂತ್ಕೊಳ್ಳಿ. ಗಾಳಿಗೆ ಪುಟ ಹಾರುತ್ತೆ." (ಕಿಟಕಿಯ ಮುರಿದ ಚಿಲಕ ಸರಿಮಾಡಿಸುತ್ತೇನೆಂದು ಯಜಮಾನರು ಮಾತು ಕೊಟ್ಟು ಬಹಳ ಕಾಲವಾಗಿತ್ತು.)

ನಿಂತರು. ಅಷ್ಟರಲ್ಲಿ ಫೋನು. ಮೇಲಧಿಕಾರಿ ಗುಡುಗಿದರು: "ಏನ್ರೀ, ನಿಮ್ಮ ವ್ಯವಸ್ಥೆನ ಇಲ್ಲಿ ಒಬ್ರೂ ಬಳಸ್ತಿಲ್ಲ. ಬಂದು ನೋಡ್ರೀ."

"ಬರ್ತೀನಿ ಸರ್, ಸಂಜೆ ಪುಸ್ತಕ ಹೋದ್ಮೇಲೆ" ಎಂದರು ಯಜಮಾನರು, ಮಿಸುಕದೆ. "ಈಗ ಅಲ್ಲಾಡೋ ಹಾಗಿಲ್ಲ. ಇಲ್ಲಿ ನನ್ನನ್ನೇ ಬಳಸ್ತಿದ್ದಾರೆ."