ಅಸ್ವಾನಿಗೆ ಹೊರಟ ಗಾಜಿನ ಬೀರು

ಒಬ್ಬ ಗಂಡಸು ತನ್ನ ಹೆಂಡತಿಯ ಬಾಯಿಂದ ‘ಹೂಂ’ ಇಲ್ಲವೇ ‘ಊಹೂಂ’, ಈ ಎರಡರಲ್ಲಿ ಒಂದನ್ನು ಹೊರಡಿಸಲು ಎಷ್ಟು ಕಾಲ ಬೇಕು? ದುಮ್ಯಾತ್ ಊರಿನ ನೀರು ಸರಬರಾಜು ಕಚೇರಿಯ ಫಿಕ್ರಿಯನ್ನು ಕೇಳಿ ನೋಡಿ. ಅಷ್ಟರಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಿ ಮುಗಿಸಬಹುದಿತ್ತು ಎನ್ನುತ್ತಾನೆ. ಹೇಳುವಾಗ ಅವನ ಮೀಸೆ ಅದುರುತ್ತದೆ.

ವಿಷಯ ಇಷ್ಟೇ. ಫಿಕ್ರಿ ಆ ಕಚೇರಿಯಲ್ಲಿ ಉಪ ಮುಖ್ಯಸ್ಥ. ಕೂದಲು ಕಪ್ಪಗಿದ್ದಾಗಲೂ ಉಪ, ಬೆಳ್ಳಗಾದಾಗಲೂ ಉಪ. ನಾಯಿಗೆ ಉಣ್ಣೆ ಹತ್ತಿದಂತೆ ಆ ‘ಉಪ’ ಅವನಿಗೆ ಹತ್ತಿಕೊಂಡಿತ್ತು. ಹೀಗಿರುವಾಗ ಒಂದು ಭಾನುವಾರ ಮೇಲಧಿಕಾರಿ ಕರೆದು, "ಅಸ್ವಾನಿನ ಪಂಪಿಂಗ್ ಸ್ಟೇಷನ್ನಿಗೆ ಮುಖ್ಯಸ್ಥ ಬೇಕಾಗಿದ್ದಾನೆ. ಕ್ವಾರ್ಟರ್ಸ್ ಇದೆ, ಜೀಪಿದೆ, ಕಾಫಿ ತಂದುಕೊಡೋಕೆ ಜವಾನ ಇದ್ದಾನೆ. ಗುರುವಾರದೊಳಗೆ ಹೇಳಿ" ಎಂದರು. ಫಿಕ್ರಿ ಹಿಗ್ಗಿ ಹೀರೇಕಾಯಿಯಾದ. ನೈಲ್ ನದಿ ಸಮುದ್ರಕ್ಕೆ ಬೀಳುವ ತುದಿ ದುಮ್ಯಾತ್; ಅದು ದೇಶದೊಳಕ್ಕೆ ಕಾಲಿಡುವ ತುದಿ ಅಸ್ವಾನ್. ನಡುವೆ ಇಡೀ ಈಜಿಪ್ಟ್ ಉದ್ದಕ್ಕೆ ಮಲಗಿದೆ. ನಿಜ ಹೇಳಬೇಕೆಂದರೆ, ಜೀಪು ಜವಾನರಿಗಿಂತ ಅವನಿಗೆ ಹೆಚ್ಚು ಹಿಡಿಸಿದ್ದು ಆ ಉದ್ದವೇ.

ಯಾಕೆಂದರೆ ಕೆಳಗಿನ ಅಂತಸ್ತಿನಲ್ಲಿ ಅವನ ಅತ್ತೆ ಇದ್ದರು. ಮೆಕ್ಕಾ ಯಾತ್ರೆ ಮಾಡಿಬಂದವರಾದ್ದರಿಂದ ಬೀದಿಗೆಲ್ಲ ಅವರು ಹಾಗ್ಗಾ ಬಹಿಯಾ. ಮಗಳ ಮನೆಯ ಕೀಲಿಕೈ ಅವರ ಹತ್ತಿರವೂ ಒಂದಿತ್ತು. ಬಾಗಿಲು ತಟ್ಟುವುದು ಪರಕೀಯರ ಪದ್ಧತಿ ಎಂಬುದು ಅವರ ಅಚಲ ಸಿದ್ಧಾಂತ. ಒಮ್ಮೆ ಫಿಕ್ರಿ ಸ್ನಾನ ಮುಗಿಸಿ ಬರೀ ಟವೆಲಿನಲ್ಲಿ ಹಜಾರಕ್ಕೆ ಬಂದರೆ, ಸೋಫಾದ ಮೇಲೆ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದ ಅತ್ತೆ ತಲೆಯೆತ್ತಿ ನೋಡಿ, "ನಾಚ್ಕೋಬೇಡಪ್ಪ, ನೋಡೋ ಅಂಥದ್ದೇನೂ ಇಲ್ಲ" ಎಂದಿದ್ದರು. ಅಸ್ವಾನಿಗೆ ಹೋದರೆ ಅವನು ಕಚೇರಿಯಲ್ಲೂ ಮುಖ್ಯಸ್ಥ, ಮನೆಯಲ್ಲೂ ಮುಖ್ಯಸ್ಥ. (ಈ ಎರಡನೆಯ ಲಾಭವನ್ನು ಅವನು ಯಾರಿಗೂ ಹೇಳಿರಲಿಲ್ಲ. ನಿಮ್ಮಲ್ಲೇ ಇರಲಿ.)

ಅಂದು ಊಟವಾದ ಮೇಲೆ ಹೆಂಡತಿ ನಜ್ವಾಳ ಹತ್ತಿರ ಮಾತು ತೆಗೆದ.

"ಏನಂತೀಯ, ಹೋಗೋಣವಾ?"

"ನೀವು ಹೇಗೆ ಹೇಳ್ತೀರೋ ಹಾಗೆ, ಶೈಮಾನ ಅಪ್ಪ."

"ಹಾಗಾದ್ರೆ ಹೋಗೋಣ."

"ಹೋಗೋಣ ಅಂತ ನಾನೆಲ್ಲಿ ಅಂದೆ?"

"ಸರಿ, ಬೇಡ ಬಿಡು."

"ಬೇಡ ಅಂತ ಅಂದ್ನಾ? ನಾಳೆ ನಾಲ್ಕು ಜನರ ಮುಂದೆ, ಹೆಂಡ್ತಿ ಅಡ್ಡಗಾಲು ಹಾಕಿದ್ಲು, ಇಲ್ದಿದ್ರೆ ಎಲ್ಲೋ ಇರ್ತಿದ್ದೆ ಅಂತ ಹೇಳ್ಕೊಂಡು ತಿರುಗೋಕಾ?"

"ಮತ್ತೆ ಏನು ಅಂತೀಯ, ತಾಯಿ?"

"ಎಷ್ಟು ಸಲ ಹೇಳ್ಬೇಕು? ನೀವು ಹೇಗೆ ಹೇಳ್ತೀರೋ ಹಾಗೆ."

ಅಡ್ಡಗೋಡೆಯ ಮೇಲೆ ದೀಪ ಇಡುವ ಕಲೆಯಲ್ಲಿ ನಜ್ವಾಳನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಗಂಡನಿಗೆ ಉತ್ತರ ಕೊಡದ ಈಕೆ ಮರುದಿನದಿಂದ ಅದೇ ಪ್ರಶ್ನೆಯನ್ನು ಊರಿಗೆಲ್ಲ ಹಂಚಿದಳು. ಮೀನಿನವನನ್ನು ಕೇಳಿದಳು. ಅವನು, "ಅಸ್ವಾನಲ್ಲಿ ಸಮುದ್ರದ ಮೀನು ಸಿಗಲ್ಲ ಅಮ್ಮ, ಯೋಚ್ನೆ ಮಾಡಿ" ಎಂದು ತೂಕದಲ್ಲಿ ಒಂದು ಮೀನು ಕಡಿಮೆ ಹಾಕಿದ. ಕೂದಲು ಕತ್ತರಿಸುವವಳನ್ನು ಕೇಳಿದಳು. ಎದುರುಮನೆಯಾಕೆ ಕಾಫಿ ಕುಡಿದಿಟ್ಟ ಬಟ್ಟಲಿನ ಗಸಿ ನೋಡಿ ಭವಿಷ್ಯ ಹೇಳುವವಳು. ಆಕೆಗೆ ಗಸಿಯಲ್ಲಿ ಒಂದು ದಾರಿ ಕಾಣಿಸಿತು. ಹೋಗುವ ದಾರಿಯೋ ಬರುವ ದಾರಿಯೋ ಎಂದರೆ, "ದಾರಿ ಅಂದ್ಮೇಲೆ ಎರಡೂ ಕಡೆಗೆ ಇರತ್ತಲ್ಲ!" ಎಂದಳಂತೆ. ಕಚೇರಿಗೆ ಹೊರಟ ಫಿಕ್ರಿಯನ್ನು ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತವರೆಲ್ಲ ತಡೆದು, ತಮಗೆ ತೋಚಿದ್ದನ್ನು ಹೇಳಿ ಕಳಿಸಿದರು. ಅರ್ಧ ಸಾಲು ಹೋಗು ಎಂದಿತು, ಅರ್ಧ ಬೇಡ ಎಂದಿತು. ಅವನಿಗೆ ತಲೆ ಚಿಟ್ಟುಹಿಡಿಯಿತು.

ಮಂಗಳವಾರ ಸಂಜೆ ನಜ್ವಾ ಟೀ ಲೋಟ ಕೈಗಿಟ್ಟು, ಏನೋ ಸಣ್ಣ ವಿಷಯವೆಂಬಂತೆ, "ಅಲ್ಲ, ನೀಶ್ ಗತಿ ಏನು?" ಎಂದಳು.

ನೀಶ್ ಎಂದರೆ ಗಾಜಿನ ಬೀರು. ಮದುವೆಯಾಗಿ ಬರುವ ಹುಡುಗಿ ಗಂಡನಿಲ್ಲದೆಯೂ ಬಂದಾಳು, ನೀಶ್ ಇಲ್ಲದೆ ಬರಲಾರಳು. ಅದರೊಳಗೆ ಹನ್ನೆರಡು ಮಂದಿಗಾಗುವ ಪಿಂಗಾಣಿ ತಟ್ಟೆ, ಚಿನ್ನದ ಅಂಚಿನ ಟೀ ಬಟ್ಟಲು, ಮುಟ್ಟಿದರೆ ಟಿಣ್ ಎನ್ನುವ ಗಾಜಿನ ಲೋಟ. ಇವೆಲ್ಲ ಅತಿಥಿಗಳಿಗೆ. ಆ ಅತಿಥಿಗಳು ಯಾರು ಎಂಬುದು ಈವರೆಗೆ ಯಾರಿಗೂ ತಿಳಿದುಬಂದಿಲ್ಲ. ಬಂದವರಾರೂ ಅದಕ್ಕೆ ಯೋಗ್ಯರೆಂದು ಕಂಡಿಲ್ಲ. ನೀಶ್‌ನ ಧೂಳು ಒರೆಸುವ ಹಕ್ಕು ಅತ್ತೆಗೂ ನಜ್ವಾಳಿಗೂ ಮಾತ್ರ. ಮಗಳು ಶೈಮಾ ಹುಟ್ಟಿದ ದಿನ ಫಿಕ್ರಿ ಸಂತೋಷದಲ್ಲಿ ಮೈಮರೆತು ಅದರಿಂದ ಒಂದು ಬಟ್ಟಲು ತೆಗೆದು ಟೀ ಸುರಿದುಕೊಂಡಿದ್ದ. ಹೆರಿಗೆಯ ನೋವಿಗೂ ಕಿರುಚದ ನಜ್ವಾ ಅದನ್ನು ಕೇಳಿ ಕಿರುಚಿದಳು.

ಈ ನೀಶ್ ಅಂಗಡಿಯದೂ ಅಲ್ಲ. ದುಮ್ಯಾತ್ ಅಂದರೆ ಇಡೀ ದೇಶಕ್ಕೆ ಮಂಚ ಕುರ್ಚಿ ಮಾಡಿಕೊಡುವ ಊರು. ತೀರಿಹೋದ ಮಾವ ಅಲ್ಲಿನ ನುರಿತ ಬಡಗಿ. ಅಳಿಯನ ಹಜಾರದಲ್ಲೇ ಕೂತು, ಒಂದು ಮೊಳೆ ಹೊಡೆಯದೆ, ಬರೀ ಮರಕ್ಕೆ ಮರ ಕಚ್ಚಿಸಿ, ಬಿಚ್ಚಲು ಬಾರದಂತೆ ನಿಲ್ಲಿಸಿದ್ದರು. ಮಗಳ ಮೇಲೆ ಅವರಿಗೆ ಎಷ್ಟು ಪ್ರೀತಿಯಿತ್ತೋ ಅದು ಅಷ್ಟು ದೊಡ್ಡದಾಗಿತ್ತು. ಹಜಾರದ ಅರ್ಧ ನುಂಗಿತ್ತು. ಮನೆಯ ಬಾಗಿಲಿನಲ್ಲಿ ಅದು ಹಿಡಿಯುವ ಮಾತೇ ಇರಲಿಲ್ಲ.

"ಇಲ್ಲೇ ಇರಲಿ. ಬೀಗ ಹಾಕ್ಕೊಂಡು ಹೋಗೋಣ" ಎಂದ ಫಿಕ್ರಿ.

"ನಮ್ಮಪ್ಪನ್ನ ಒಂಟಿಯಾಗಿ ಬಿಟ್ಟುಹೋಗೋಣ ಅಂತೀರಾ?"

"ಅದು ಬೀರು ಕಣೇ!"

"ನಿಮಗೆ ಬೀರು." ನಜ್ವಾಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ನೋಡಿ, ಒಂದು ಬಿರುಕಿಲ್ಲದೆ ಅದನ್ನ ಕೆಳಗೆ ಇಳಿಸಿ. ಅದು ಇಳಿದ್ರೆ ನಾನು ಹೂಂ ಅಂದ ಹಾಗೆ."

ಅಂತೂ ಒಂದು ಷರತ್ತಾದರೂ ಹೊರಬಿತ್ತು! ಫಿಕ್ರಿ ಬಡಗಿ ಅವದ್‌ನನ್ನು ಕರೆತಂದ. ಅವದ್ ನೀಶ್ ಸುತ್ತ ಪ್ರದಕ್ಷಿಣೆ ಬಂದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಮಧ್ಯಕ್ಕೆ ಗರಗಸ ಇಟ್ಟು ಎರಡು ಮಾಡಿದ್ರೆ..." ಎಂದದ್ದೇ ತಡ, ಎಂದಿನಂತೆ ಬಾಗಿಲು ತಟ್ಟದೆ ಒಳಬಂದಿದ್ದ ಹಾಗ್ಗಾ ಬಹಿಯಾ, "ಮೊದಲು ನಿನ್ನನ್ನ ಎರಡು ಮಾಡ್ತೀನಿ. ನನ್ನ ಗಂಡನ ಕೈಕೆಲಸಕ್ಕೆ ಗರಗಸ ತೋರಿಸ್ತೀಯಾ?" ಎಂದರು. ಅವದ್ ಪೆನ್ಸಿಲನ್ನು ಕಿವಿಗೆ ವಾಪಸು ಸಿಕ್ಕಿಸಿಕೊಂಡ. ಬಾಲ್ಕನಿಯ ಬಾಗಿಲು, ಚೌಕಟ್ಟು, ಕಬ್ಬಿಣದ ಕಟಾಂಜನ ಎಲ್ಲ ಬಿಚ್ಚಿ ಹಗ್ಗದಲ್ಲಿ ಇಳಿಸುವುದೆಂದು ತೀರ್ಮಾನವಾಯಿತು. ಅವದ್‌ಗೆ ಗೊತ್ತಿದ್ದ ಒಂದು ಲಾರಿ ಗುರುವಾರವೇ ಮಂಚಗಳನ್ನು ತುಂಬಿಕೊಂಡು ಅಸ್ವಾನಿಗೆ ಹೊರಡುವುದಿತ್ತು. ಅದು ತಪ್ಪಿದರೆ ಇನ್ನೊಂದು ಯಾವಾಗಲೋ.

ಗುರುವಾರ ಬೆಳಿಗ್ಗೆ ಇಡೀ ಬೀದಿ ಕೆಲಸಕ್ಕೆ ರಜೆ ಹಾಕಿತು. ಹಗ್ಗ ಹಿಡಿದವರಿಗಿಂತ ಸಲಹೆ ಕೊಡುವವರೇ ಜಾಸ್ತಿ. ಪಿಂಗಾಣಿಯನ್ನೆಲ್ಲ ಹಾಸಿಗೆಯ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದ್ದಾಗಿತ್ತು. (ಹಾಗಾಗಿ ಹಿಂದಿನ ರಾತ್ರಿ ಫಿಕ್ರಿ ಬರೀ ಹಲಗೆಯ ಮೇಲೆ ಮಲಗಿದ್ದ.) ನೀಶ್ ಬಾಲ್ಕನಿ ದಾಟಿ ಗಾಳಿಯಲ್ಲಿ ತೂಗಿತು. ಹಾಗ್ಗಾ ಬಹಿಯಾ ಬೀದಿಯ ನಡುವೆ ಕುರ್ಚಿ ಹಾಕಿ ಕೂತು, "ಎಡಕ್ಕೆ! ನಿಮ್ಮ ಕೈ ಸೇದಿಹೋಗ, ಎಡಕ್ಕೆ!" ಎಂದು ಸೇನಾಪತಿಯಂತೆ ಕೂಗುತ್ತಿದ್ದರು. ಒಂದು ಕ್ಷಣ ನೀಶ್ ಗಿರ್ರನೆ ತಿರುಗಿತು. ನಜ್ವಾ ಕಣ್ಣು ಮುಚ್ಚಿಕೊಂಡಳು. ಫಿಕ್ರಿಯೂ ಮುಚ್ಚಿಕೊಂಡ, ಅವನಿಗೆ ಕಂಡದ್ದು ಆಯುಷ್ಯಪೂರ್ತಿ ಉಪನಾಗಿರುವ ತನ್ನದೇ ಮುಖ. ಕಣ್ಣು ಬಿಟ್ಟಾಗ ನೀಶ್ ಲಾರಿಯ ಮೇಲೆ ಕೂತಿತ್ತು, ಒಂದು ಗೀರಿಲ್ಲದೆ. ಹೆಂಗಸರು ನಾಲಿಗೆ ಹೊರಳಿಸಿ ಮದುವೆಮನೆಯಂತೆ ಉಲಿದರು.

"ಈಗ ಹೇಳು" ಎಂದ ಫಿಕ್ರಿ, ಏದುಸಿರು ಬಿಡುತ್ತ.

"ಹೂಂ" ಎಂದಳು ನಜ್ವಾ.

ಫಿಕ್ರಿ ಆ ‘ಹೂಂ’ ಬಿಸಿಯಾಗಿರುವಾಗಲೇ ಕಚೇರಿಗೆ ಓಡಿದ. ಸಹಿ ಹಾಕಿದ. ಬರುವ ಭಾನುವಾರವೇ ಅಸ್ವಾನಿನಲ್ಲಿ ಹಾಜರಾಗಬೇಕೆಂಬ ಆದೇಶ ಜೇಬಿಗಿಟ್ಟುಕೊಂಡ. ದಾರಿಯಲ್ಲಿ ದುಮ್ಯಾತಿನ ಹೆಸರುವಾಸಿ ಜಿಲೇಬಿಯ ದೊಡ್ಡ ಪೊಟ್ಟಣ ಕಟ್ಟಿಸಿಕೊಂಡ. ಮನೆಗೆ ಬಂದು ನೋಡಿದರೆ ಹಜಾರದಲ್ಲಿ ಬೀದಿಯ ಹೆಂಗಸರೆಲ್ಲ ನೆರೆದು, ನೀಶ್ ಇದ್ದ ಜಾಗದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದಾಡುತ್ತಿದ್ದಾರೆ! ಬಾಲ್ಕನಿಯಿಂದ ಬೆಳಕು ನೇರ ಒಳಗೆ ಬಿದ್ದಿದೆ. ಅಲ್ಲೊಂದು ಗೋಡೆ ಇತ್ತೆಂಬುದೇ ಫಿಕ್ರಿಗೆ ಮರೆತುಹೋಗಿತ್ತು.

"ನೋಡಿದ್ರಾ, ಶೈಮಾನ ಅಪ್ಪ?" ನಜ್ವಾಳ ಮುಖ ಅರಳಿತ್ತು. "ನಮ್ಮನೆ ಎಷ್ಟು ದೊಡ್ಡದು! ಇಲ್ಲೊಂದು ಮೇಜು ಹಾಕಿದ್ರೆ ಶೈಮಾ ಓದ್ಕೋತಾಳೆ."

"ಶೈಮಾ ಅಸ್ವಾನಲ್ಲಿ ಓದ್ಕೋತಾಳೆ."

"ಅಯ್ಯೋ, ಈ ವರ್ಷ ಅವಳಿಗೆ ಕೊನೇ ಪರೀಕ್ಷೆ! ಮಧ್ಯದಲ್ಲಿ ಶಾಲೆ ಬಿಡಿಸೋಕಾಗತ್ತಾ?"

"ಇದು ಭಾನುವಾರ ಗೊತ್ತಿರ್ಲಿಲ್ವೇನೇ?"

"ಪರೀಕ್ಷೆ ಗೊತ್ತಿತ್ತು. ಮನೆ ಇಷ್ಟು ದೊಡ್ಡದಿದೆ ಅಂತ ಗೊತ್ತಿರ್ಲಿಲ್ಲ."

"ಹೂಂ ಅಂದ್ಯಲ್ಲೇ! ಸಹಿ ಹಾಕಿ ಬಂದಿದೀನಲ್ಲೇ!"

"ಈಗಲೂ ಹೂಂ ಅಂತೀನಿ. ಬರಲ್ಲ ಅಂದ್ನಾ? ಅವಳ ಪರೀಕ್ಷೆ ಮುಗೀಲಿ, ಬರ್ತೀವಿ."

ಫಿಕ್ರಿ ಜಿಲೇಬಿ ಪೊಟ್ಟಣವನ್ನು ನೆಲಕ್ಕೆ ಕುಕ್ಕಿದ. "ಹಾಗಾದ್ರೆ ಆ ದರಿದ್ರ ನೀಶನ್ನ ಮೇಲಕ್ಕೆ ಎಳೀರಿ!"

"ಇಲ್ಲಿ ಜಾಗ ಎಲ್ಲಿದೆ?" ಎಂದಳು ನಜ್ವಾ, ಆ ವಿಶಾಲವಾದ ಹಜಾರದ ನಡುವೆ ನಿಂತು. "ಮೊದಲು ಅದು ಹೋಗಿ ಅಲ್ಲಿ ಮನೆ ಹಿಡೀಲಿ. ಮುಖ್ಯಸ್ಥರ ಮನೇಲಿ ಗೋಡೆ ಬೋಳಾಗಿದ್ರೆ ಜನ ಏನಂತಾರೆ?"

ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಗದ್ದಲ. ಫಿಕ್ರಿ ಬಾಲ್ಕನಿಯಿಂದ ಬಗ್ಗಿ ನೋಡಿದ. ಹಾಗ್ಗಾ ಬಹಿಯಾ ಒಂದು ಸೂಟ್‌ಕೇಸು, ಒಂದು ಡಬ್ಬಿ ಗಿಣ್ಣು, ಒಂದು ದಿಂಬು ಸಮೇತ ಲಾರಿ ಹತ್ತಿ ಚಾಲಕನ ಪಕ್ಕ ಕೂತುಬಿಟ್ಟಿದ್ದರು.

"ಅತ್ತೆ! ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಒಂಟಿ ಗಂಡಸಿನ ಕೈಗೆ ನೀಶ್ ಒಪ್ಪಿಸಿ ಕೂರೋಕಾಗತ್ತಾ? ಒಂದು ಸಲ ಬಟ್ಟಲು ತೆಗೆದು ಟೀ ಕುಡಿದವನಲ್ವಾ ನೀನು! ನನ್ನ ಮಂಡಿನೋವಿಗೂ ಅಲ್ಲಿನ ಬಿಸಿ ಮರಳು ಒಳ್ಳೇದಂತೆ. ಬೇಗ ಹತ್ತು, ಲಾರಿಯವರು ಕಾಯ್ತಿದಾರೆ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ಇಲ್ಲಿ ಎತ್ತು, ಕೋಣ ಇಬ್ಬರೂ ಒಂದೇ ಕಡೆ ಎಳೆದು ಫಿಕ್ರಿಯನ್ನು ಲಾರಿಗೆ ಹತ್ತಿಸಿದರು. ಚಾಲಕ, ಅತ್ತೆ, ಅಳಿಯ, ಮೂವರೂ ಒಂದೇ ಸೀಟಿನಲ್ಲಿ. ಹಿಂದೆ ನೀಶ್. ದಾರಿಯುದ್ದಕ್ಕೂ ಹಾಗ್ಗಾ ಬಹಿಯಾ ಲಾರಿ ಹೇಗೆ ಓಡಿಸಬೇಕೆಂದು ಚಾಲಕನಿಗೂ, ಹೇಗೆ ಉಸಿರಾಡಬೇಕೆಂದು ಅಳಿಯನಿಗೂ ಹೇಳಿಕೊಟ್ಟರು. ಅರ್ಧ ದೇಶ ದಾಟುವಷ್ಟರಲ್ಲಿ ಚಾಲಕ ಅವರನ್ನು ‘ಅಮ್ಮಾ’ ಎನ್ನತೊಡಗಿದ್ದ. ಫಿಕ್ರಿ ಇಂಗು ತಿಂದ ಮಂಗನಂತೆ ಕಿಟಕಿಗೆ ಒರಗಿ ಕೂತಿದ್ದ.

ಅಸ್ವಾನಿನಲ್ಲಿ ಅವನಿಗೆ ಹೇಳಿದ್ದೆಲ್ಲ ಸಿಕ್ಕಿತು. ಜೀಪು ಸಿಕ್ಕಿತು, ಅದು ಹಾಗ್ಗಾ ಬಹಿಯಾರನ್ನು ಸಂತೆಗೆ ಕರೆದೊಯ್ಯುತ್ತದೆ. ಜವಾನನೂ ಸಿಕ್ಕಿದ; ಅವನು ಬೆಳಿಗ್ಗೆ ಮೊದಲು ಕ್ವಾರ್ಟರ್ಸಿಗೆ ಹೋಗಿ, ಹಾಗ್ಗಾ ಹೇಳಿದ ಬೆಳ್ಳುಳ್ಳಿ ಸುಲಿದುಕೊಟ್ಟು, ಆಮೇಲೆ ಕಚೇರಿಗೆ ಬರುತ್ತಾನೆ. ನೀಶ್ ಹಜಾರದ ಅರ್ಧ ನುಂಗಿ ನಿಂತಿದೆ. ಶೈಮಾಳ ಪರೀಕ್ಷೆ ಮುಗಿಯಿತು. ಹೆಂಡತಿ ಮಗಳನ್ನು ಕರೆತರಲು ಫಿಕ್ರಿ ರೈಲ್ವೆ ಸ್ಟೇಷನ್ನಿಗೆ ಹೋಗಲೆಂದು ಅಂಗಿ ಇಸ್ತ್ರಿ ಮಾಡಿಟ್ಟುಕೊಂಡಿದ್ದ. ಆಗ ನಜ್ವಾಳ ಫೋನು ಬಂತು. ಮಗಳಿಗೆ ದುಮ್ಯಾತಿನಲ್ಲೇ ಇಂಜಿನಿಯರಿಂಗ್ ಸೀಟು ಸಿಕ್ಕಿದೆ!

"ಐದೇ ವರ್ಷ" ಎಂದಳು ನಜ್ವಾ. "ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಕಳೆದುಹೋಗತ್ತೆ. ಅಲ್ಲದೆ ಅಮ್ಮ ಇದಾರಲ್ಲ, ನಿಮಗೇನು ಕಷ್ಟ?"

"ಅಮ್ಮನನ್ನ ಕಳಿಸ್ಲಾ?" ಎಂದ ಫಿಕ್ರಿ ಆಸೆಯಿಂದ.

"ಅಯ್ಯೋ ಪಾಪ, ಬೇಡ. ಅಮ್ಮನಿಗೆ ಆ ಊರು ಒಗ್ಗಿದೆಯಂತೆ. ಇನ್ನು ಇಪ್ಪತ್ತು ವರ್ಷ ಮಂಡಿಯ ಚಿಂತೆ ಇಲ್ಲವಂತೆ."

ಬೇಸಿಗೆಯಲ್ಲಿ ಅಸ್ವಾನಿನ ಆಚೆ ದಡದಲ್ಲಿ ಮಂಡಿನೋವಿನವರನ್ನು ಸುಡು ಮರಳಿನಲ್ಲಿ ಕುತ್ತಿಗೆಯವರೆಗೆ ಹೂತಿಡುತ್ತಾರೆ. ನೀವು ಆ ಕಡೆ ಹೋದರೆ ನೋಡಬಹುದು. ಮರಳಿನ ಮೇಲೆ ಒಂದು ತಲೆ ಮಾತ್ರ ಇರುತ್ತದೆ. ಅದರ ಪಕ್ಕದಲ್ಲಿ, ಅಸ್ವಾನ್ ಪಂಪಿಂಗ್ ಸ್ಟೇಷನ್ನಿನ ಮುಖ್ಯಸ್ಥರು ಕೋಟು ಹಾಕಿಕೊಂಡು, ಆ ತಲೆಗೆ ಬಿಸಿಲು ತಾಗದಂತೆ ಕೊಡೆ ಹಿಡಿದು ಮಂಡಿಯೂರಿ ಕೂತಿರುತ್ತಾರೆ. ಮೊನ್ನೆ ಹಾಗೆ ಕೂತಿದ್ದಾಗ ಕಚೇರಿಯ ಗುಮಾಸ್ತ ಓಡೋಡಿ ಬಂದ.

"ಸಾರ್, ದೊಡ್ಡ ಪಂಪು ನಿಂತುಹೋಗಿದೆ. ತಾವು ಒಂದ್ನಿಮಿಷ ಬರಬೇಕು."

ಫಿಕ್ರಿ ಏಳಲು ಒಂದು ಕಾಲು ಊರಿದ.

"ನೀನು ಹೋಗಪ್ಪ" ಎಂದಿತು ತಲೆ, ಗುಮಾಸ್ತನಿಗೆ. "ಅವನು ಆಮೇಲೆ ಬರ್ತಾನೆ."

ಗುಮಾಸ್ತ "ಆಗಲಿ ಅಮ್ಮಾ" ಎಂದು ಅವರಿಗೆ ನಮಸ್ಕರಿಸಿ ಹೊರಟುಹೋದ.