ಹದಿನಾಲ್ಕನೇ ಪುಟದ ಕೋಗಿಲೆಯನ್ನು ತೆರವುಗೊಳಿಸುವ ಕುರಿತು

ಇಂದ:
ಗುರುಬಾಯಿ, ವಯಸ್ಸು ಐವತ್ತೆಂಟು,
ಆಸ್ಪತ್ರೆಯ ಆಯಾ, ಚಾಳಿನ ಎರಡನೇ ಮಹಡಿ, ಪರೇಲ್

ಗೆ:
ಶ್ರೀ ಕಾಶಿನಾಥ ಅವರು, ಕಾರ್ಯದರ್ಶಿಗಳು,
ಹಾಡು-ಹಸೆ ಪರಂಪರೆ ಉಳಿಸುವ ಉಪಸಮಿತಿ, ಸಯನ್

ವಿಷಯ: ತಮ್ಮ ಪುಸ್ತಕದ ಹದಿನಾಲ್ಕನೇ ಪುಟದಲ್ಲಿ ಅಕ್ರಮವಾಗಿ ನೆಲೆಸಿರುವ ಕೋಗಿಲೆಯನ್ನು ತೆರವುಗೊಳಿಸಿ, ಮೊದಲಿದ್ದ ಬಟ್ಟೆ ಗಿರಣಿಯ ಭೋಂಗಾವನ್ನು (ಅರ್ಥಾತ್ ಸೈರನ್ನನ್ನು) ಅದೇ ಜಾಗದಲ್ಲಿ ಮರುಸ್ಥಾಪಿಸುವ ಕುರಿತು.

ಉಲ್ಲೇಖ: ಕಳೆದ ಭಾನುವಾರ ನಡೆದ, ತಮ್ಮ ಪುಸ್ತಕದ ಹಾಡುಗಳ ಸ್ಪರ್ಧೆಯಲ್ಲಿ ತಾವು ಮೈಕಿನಲ್ಲಿ ನೀಡಿದ ತೀರ್ಪು.

ಮಾನ್ಯರೇ,

ಅರ್ಜಿದಾರಳು ವಿನಯಪೂರ್ವಕವಾಗಿ, ಆದರೆ ಹಲ್ಲು ಕಚ್ಚಿಕೊಂಡು, ನಿವೇದಿಸಿಕೊಳ್ಳುವುದೇನೆಂದರೆ:

೧. ದೀಪಾವಳಿಗೆ ಮುಂಚೆ ಹಳೆಯ ಹಾಡು ಸಂಗ್ರಹಿಸಲು ತಮ್ಮ ಐವರು ಸದಸ್ಯರು ಅರ್ಜಿದಾರಳ ಖೋಲಿಗೆ ಬಂದಿದ್ದರು. ಮೂವರಿಗೆ ಮಾತ್ರ ಜಾಗವಿದ್ದ ಕಾರಣ ಪರಂಪರೆಯ ಇಬ್ಬರು ರಕ್ಷಕರು ಗ್ಯಾಲರಿಯಲ್ಲಿ ನಿಂತು ಚಹಾ ಕುಡಿದರು. ಅರ್ಜಿದಾರಳು ತನ್ನ ತಾಯಿ ಅಂಬವ್ವ ಜೋಳ ಬೀಸುತ್ತ ಕಟ್ಟಿದ ಪದವನ್ನು ಅವರ ಮೊಬೈಲಿಗೆ ಹಾಡಿಕೊಟ್ಟಳು:

ಪರೇಲ ಗಿರಣ್ಯಾಗ ಭೋಂಗಾ ಕೂಗತೈತಿ
ನೆರಮನಿಯಾಕಿ ನಿನ್ನ ನೋಡ್ತಾಳ | ಗುರುಬಾಯಿ
ಸಂಜಿಗೆ ಬರತೇನಿ ಅಳಬ್ಯಾಡ

೨. ಅಂಬವ್ವ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದಳು. ಭೋಂಗಾ ಕೂಗಿದರೆ ಹೊರಡಲೇಬೇಕು, ಮಗು ಅತ್ತರೂ ಹೊರಡಬೇಕು. ಅತ್ತ ಮಗುವೇ ಸದರಿ ಅರ್ಜಿದಾರಳು. ಆದ್ದರಿಂದ ಈ ಪದದ ಬಗ್ಗೆ ಆಕೆಗೆ ಅಲ್ಪಸ್ವಲ್ಪ ಮಾಹಿತಿ ಇರುತ್ತದೆ.

೩. ಪುಸ್ತಕ ಅಚ್ಚಾಗಿ ಬಂದಾಗ ಮೊದಲ ಸಾಲು ‘ಮಾವಿನ ತೋಪಿನಾಗ ಕೋಗಿಲೆ ಕೂಗತೈತಿ’ ಎಂದಾಗಿತ್ತು. ಗುರುಬಾಯಿ ಇದ್ದಲ್ಲಿ ‘ನನ ಕಂದಾ’ ಬಂದು ಕೂತಿತ್ತು. ಕೆಳಗೆ ‘ರಚನೆ: ಅಜ್ಞಾತ’. ಫೋನ್ ಮಾಡಿ ಕೇಳಿದ್ದಕ್ಕೆ ತಾವು, “ಅಕ್ಕಾರ, ಬೀಸೂ ಪದದಾಗ ಭೋಂಗಾ ಎಲ್ಲಿಂದ ಬರಬೇಕ್ರಿ? ಪರಂಪರೆ ಅಂದ್ರ ಊರಿಂದ ಇರಬೇಕು. ನಾವು ಸ್ವಲ್ಪ ಶುದ್ಧ ಮಾಡೇವಿ” ಎಂದಿರಿ.

“ನಮ್ಮವ್ವ ಹಾಡಿದ್ದು ಹಂಗ ಐತ್ರಿ, ಸಾಹೇಬ್ರ.”

“ಹಂಗಾರ ನಿಮ್ಮವ್ವನೂ ತಪ್ಪ ಹಾಡಿರಬೇಕ್ರಿ.”

೪. ಸ್ಪರ್ಧೆಯಲ್ಲಿ ಅರ್ಜಿದಾರಳು ಅವ್ವನ ಪದವನ್ನು ಅವ್ವನಂತೆಯೇ ಹಾಡಿದಳು. ‘ಮೂಲಪಾಠಕ್ಕೆ ಬದ್ಧವಾಗಿಲ್ಲ’ ಎಂಬ ಕಾರಣಕ್ಕೆ ಆಕೆಗೆ ಸಮಾಧಾನಕರ ಬಹುಮಾನ ಬಂತು. ಕೋಗಿಲೆ ಹಾಡಿದ ಹನ್ನೆರಡು ವರ್ಷದ ಶ್ರಾವ್ಯಾಳಿಗೆ ಮೊದಲ ಬಹುಮಾನ. ಹುಡುಗಿ ಚೆನ್ನಾಗಿಯೇ ಹಾಡಿದ್ದಾಳೆ, ತಕರಾರಿಲ್ಲ. ಇಳಿದು ಬಂದವಳು ಮರುಕದಿಂದಲೇ ಕೇಳಿದಳು: “ಆಂಟಿ, ನೀವು ಪೇಜ್ ಫೋರ್ಟೀನ್ ಬೈಹಾರ್ಟ್ ಮಾಡಿಲ್ಲ ಕ್ಯಾ?” ಅರ್ಜಿದಾರಳು ಸಯನ್ ಸ್ಟೇಷನ್ನಿನವರೆಗೂ ಅಳುತ್ತಲೇ ನಡೆದಳು.

೫. ಅರ್ಜಿಯಲ್ಲಿ ಐದು ಅಂಶಗಳಾದರೂ ಇರಬೇಕೆಂದು ತಮ್ಮ ಕಚೇರಿಯವರು ತಿಳಿಸಿದ ಕಾರಣ ಇದನ್ನೂ ಬರೆಯಲಾಗಿದೆ: ಗಿರಣಿ ಹೋಗಿ ಗಾಜಿನ ಆಫೀಸು ಬಂತು. ಅಂಬವ್ವನೂ ಹೋದಳು. ಆಕೆಯದೊಂದು ಫೋಟೋ ಕೂಡ ಇಲ್ಲ. ಈ ಮೂರು ಸಾಲೂ ಹೋದರೆ ಅವ್ವ ಪೂರ್ತಿ ಹೋದ ಹಾಗೆ.

ಆದ್ದರಿಂದ ಭೋಂಗಾವನ್ನು ಸ್ವಸ್ಥಾನಕ್ಕೆ ಮರಳಿಸಿ, ‘ಅಜ್ಞಾತ’ ಎಂಬಲ್ಲಿ ‘ಅಂಬವ್ವ, ಪರೇಲ್’ ಎಂದು ತಿದ್ದಿ ಮುದ್ರಿಸಬೇಕಾಗಿ ಕೋರಿಕೆ. ಕೋಗಿಲೆಗೆ ಬೇರೆ ಪುಟದಲ್ಲಿ ವಸತಿ ಒದಗಿಸಿದರೆ ಅಭ್ಯಂತರವಿಲ್ಲ.

ಇಷ್ಟಾದರೂ ತಮ್ಮಲ್ಲಿ ವಿಶ್ವಾಸ ಉಳಿಸಿಕೊಂಡಿರುವ,
ಗುರುಬಾಯಿ, ಅಂಬವ್ವನ ಮಗಳು

ಲಗತ್ತುಗಳು:
(ಅ) ಹದಿನಾಲ್ಕನೇ ಪುಟದ ಝೆರಾಕ್ಸ್.
(ಆ) ಸಮಾಧಾನಕರ ಬಹುಮಾನದ ಪ್ರಮಾಣಪತ್ರ, ಸಮಾಧಾನ ಆಗದ ಕಾರಣ ವಾಪಸ್ಸು.

ವಿ.ಸೂ.: ಅರ್ಜಿದಾರಳು ಚಿಕ್ಕಂದಿನಲ್ಲಿ ದಿನಾ ಸಂಜೆ ಗಿರಣಿಯ ಗೇಟಿನಲ್ಲಿ ತಾಯಿಗಾಗಿ ಕಾದಿದ್ದಾಳೆ. ಮೇಲಿನ ಕೋರಿಕೆ ನಿಯಮದಲ್ಲಿ ಬಾರದಿದ್ದಲ್ಲಿ, ಆಕೆ ಯಾವ ಮಾವಿನ ತೋಪಿನಲ್ಲಿ ಕಾಯಬೇಕಿತ್ತು ಎಂಬುದನ್ನಾದರೂ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.